ಓದುಗರ ಪ್ರಶ್ನೆ: ಪಕ್ಕದ ಬೆಂಚಿನಲ್ಲಿ ಇಥಿಯೋಪಿಯಾ

ಪ್ರಶ್ನೆ: ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಪ್ರಾಜೆಕ್ಟ್ ತಂಡದಲ್ಲಿ ಇಥಿಯೋಪಿಯಾದ ಹುಡುಗಿಯೊಬ್ಬಳಿದ್ದಾಳೆ. ‘ಇಂಡಿಯಾ ಹೇಗಿದೆ, ಊಟ ಸೇರುತ್ತಾ’ ಅಂತ ಕೇಳಿದ್ದಾಯಿತು. ‘ಗುಡ್, ಗುಡ್’ ಅಂದಳು. ಅಲ್ಲಿಗೆ ಮಾತು ಖತಂ. ಮುಂದೇನು ಕೇಳಲಿ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಆ ಎರಡು ಪ್ರಶ್ನೆಗಳನ್ನು ಅವಳು ಆಟೊದವರಿಂದ ಹಾಸ್ಟೆಲ್ ವಾರ್ಡನ್‌ವರೆಗೆ ಎಲ್ಲರ ಬಾಯಲ್ಲೂ ಕೇಳಿರುತ್ತಾಳೆ. ಒಂದು ದೇಶ ಹೇಗಿದೆ ಅಂದರೆ ಯಾರಾದರೂ ಏನು ಹೇಳಿಯಾರು? ಎದುರಿಗಿರುವ ಸಣ್ಣ ವಸ್ತುವೊಂದನ್ನು ಹಿಡಿಯಿರಿ. ಮೆಸ್ಸಿನಲ್ಲಿ ಮುದ್ದೆ ಬಡಿಸಿದ ದಿನ ರಾಗಿಯಿಂದಲೇ ಶುರು ಮಾಡಬಹುದು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ನಮ್ಮ ಬಯಲುಸೀಮೆಗೆ ಅದು ಸಾವಿರಾರು ವರ್ಷಗಳ ಹಿಂದೆ ಬಂದ ಅತಿಥಿ. ಇಥಿಯೋಪಿಯಾದ ಅಂಹಾರಿಕ್ ಭಾಷೆಯಲ್ಲಿ ಅದು ‘ದಗುಸ್ಸ’. ಪಟ್ಟಣದ ಹುಡುಗಿಯಾದರೆ ರಾಗಿ ತಿಂದೇ ಇರಲಿಕ್ಕಿಲ್ಲ. ಅಲ್ಲಿನ ದಿನದ ಊಟ ಇಂಜೆರಾ: ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುದುಗಿಸಿ, ಒಂದೇ ಮಗ್ಗುಲು ಬೇಯಿಸುವ, ಮೇಲೆಲ್ಲ ಕಣ್ಣುಕಣ್ಣಾದ ದೊಡ್ಡ ಹುಳಿ ದೋಸೆ. ‘ನಿಮ್ಮ ಮನೆಯಲ್ಲಿ ಹಿಟ್ಟು ಯಾರು ಕಲೆಸುತ್ತಾರೆ, ಎಷ್ಟು ದಿನ ಇಡುತ್ತಾರೆ’ ಅಂತ ಕೇಳಿ ನೋಡಿ. ಅಂದಹಾಗೆ, ‘ನಿಮಗೆ ಖಾರ ಆಗಲ್ಲ ಅಲ್ವಾ’ ಅನ್ನಬೇಡಿ. ಅವರ ಬೆರ್ಬೆರೆ ಮಸಾಲೆ ನಮ್ಮ ಬ್ಯಾಡಗಿಯನ್ನು ಪಕ್ಕಕ್ಕೆ ಕೂರಿಸುವಂಥದ್ದು.

ನೋಟ್‌ಬುಕ್ ತೆರೆದಿದ್ದರೆ ಅವರ ಲಿಪಿಯಲ್ಲಿ ನಿಮ್ಮ ಹೆಸರು ಬರೆಸಿಕೊಳ್ಳಿ. ನಮ್ಮ ಕಾಗುಣಿತದ ಹಾಗೆಯೇ ಒಂದೊಂದು ವ್ಯಂಜನಕ್ಕೂ ಸ್ವರ ಸೇರಿದಂತೆ ರೂಪ ಬದಲಾಗುತ್ತದೆ, ಒಟ್ಟು ಏಳು ರೂಪ. ಇನ್ನು ಹೆಸರು: ಅಲ್ಲಿ ಮನೆತನದ ಹೆಸರಿಲ್ಲ. ತನ್ನ ಹೆಸರು, ಆಮೇಲೆ ಅಪ್ಪನದು, ಬೇಕಾದರೆ ತಾತನದು. ಹಾಗಾಗಿ ಎರಡನೇ ಹೆಸರು ಹಿಡಿದು ಕೂಗಿದರೆ ಅವಳ ಅಪ್ಪನನ್ನು ಕೂಗಿದಂತೆ. ಅವರಲ್ಲಿ ಅಪ್ಪನ ಹೆಸರು, ನಮ್ಮಲ್ಲಿ ಬರೀ ಇನಿಶಿಯಲ್: ಆನ್‌ಲೈನ್ ಅರ್ಜಿಯ ‘ಸರ್‌ನೇಮ್’ ಕಾಲಂ ಮುಂದೆ ತಲೆ ಕೆರೆದುಕೊಳ್ಳುವ ಕಷ್ಟ ಇಬ್ಬರಿಗೂ ಒಂದೇ, ಇದರಲ್ಲಿ ಅರ್ಧ ಗಂಟೆಯ ಮಾತಿದೆ.

ಬರಗಾಲ, ಯುದ್ಧದಿಂದ ಶುರು ಮಾಡಬೇಡಿ. ‘ನೀನು ಯಾವ ಜನಾಂಗ’ ಅನ್ನುವುದಂತೂ ಬೇಡವೇ ಬೇಡ. 2020ರಿಂದ 2022ರವರೆಗೆ ದೇಶದ ಉತ್ತರದ ಟಿಗ್ರಾಯ್ ಸೀಮೆಯಲ್ಲಿ ಯುದ್ಧ ನಡೆದ ಮೇಲೆ ಆ ಪ್ರಶ್ನೆ ನಮ್ಮಲ್ಲಿ ‘ಯಾವ ಜನ’ ಅಂದಷ್ಟೇ ಚುಚ್ಚುತ್ತದೆ. ಇತಿಹಾಸ ಬೇಕೆಂದರೆ ಅಡ್ವಾ ಕದನ ಇದೆ. 1896ರಲ್ಲಿ ಇಟಲಿಯ ಸೇನೆಯನ್ನು ಸೋಲಿಸಿದ ಆ ದಿನಕ್ಕೆ ಈಗಲೂ ದೇಶಕ್ಕೆಲ್ಲ ರಜೆ.

ಪ್ರಶ್ನೆ: ಟಾಂಜಾನಿಯಾದ ಸಹಪಾಠಿಗೂ ನನಗೂ ಇಂಗ್ಲಿಷ್ ಬರುತ್ತದೆ, ಆದರೂ ದಿನಾ ಎಡವಟ್ಟು. ಅವನು ಹೇಳಿದ್ದು ಅರ್ಥವಾಗದೆ ‘ಎಸ್, ಎಸ್’ ಅಂದುಬಿಡುತ್ತೇನೆ.
– ಬಿಕಾಂ ವಿದ್ಯಾರ್ಥಿ, ಕೋಲಾರ

ಉತ್ತರ: ಆ ‘ಎಸ್’ ಬಿಡಿ. ‘ನಾನು ತಿಳಿದುಕೊಂಡಿದ್ದು ಇಷ್ಟು, ಸರಿಯಾ’ ಅಂತ ತಿರುಗಿ ಹೇಳಿ. ಅರ್ಧ ಎಡವಟ್ಟು ಅಲ್ಲೇ ನಿಲ್ಲುತ್ತದೆ. ಉಳಿದರ್ಧ ನಮ್ಮ ಕಡೆಯದು. ಬಿಕಾಂನವರು ಮುಖ್ಯವಾಗಿ ನೋಡಬೇಕಾದ್ದು ಲಕ್ಷ, ಕೋಟಿ: ನಾವು 1,50,000 ಎಂದು ಅಲ್ಪವಿರಾಮ ಹಾಕುವುದನ್ನು ಅವನು 150,000 ಎಂದು ಬರೆದು ಕಲಿತವನು. ನಾವು ‘ಡೌಟ್ ಇದೆ’ ಅನ್ನುವುದು ಪ್ರಶ್ನೆ ಕೇಳಲು; ಅವನಿಗೆ ನೀವು ಅವನ ಮಾತನ್ನೇ ನಂಬುತ್ತಿಲ್ಲ ಅನ್ನಿಸಬಹುದು. ‘ಔಟ್ ಆಫ್ ಸ್ಟೇಷನ್’, ‘ಪ್ರಿಪೋನ್’ ಇವೂ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ. ನಮ್ಮ ತಲೆ ಅಲ್ಲಾಡಿಸುವುದು ಹೌದೋ ಅಲ್ಲವೋ ಹೊರಗಿನವರಿಗೆ ತಿಳಿಯದು, ಬಾಯಲ್ಲಿ ಹೇಳಿಬಿಡಿ.

ಸಮಯದ್ದು ಬೇರೆಯೇ ಗೋಜು. ಅವನ ದೇಶದ ಸ್ವಾಹಿಲಿ ಭಾಷೆಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಗ್ಗೆ ಏಳು ಅವರಿಗೆ ಒಂದು ಗಂಟೆ. ಇಂಗ್ಲಿಷಿನಲ್ಲಿ ಹೇಳುವಾಗ ಸಾಮಾನ್ಯವಾಗಿ ಅವರೇ ಬದಲಿಸಿಕೊಳ್ಳುತ್ತಾರೆ, ಅವಸರದಲ್ಲಿ ಜಾರುವುದುಂಟು. ಹಾಗಾಗಿ ಭೇಟಿಯ ಸಮಯವನ್ನು 15:00 ಎಂದು ಮೆಸೇಜ್ ಹಾಕಿ. ಮತ್ತೆ, ಎದುರಾದ ಕೂಡಲೇ ‘ಅಸೈನ್‌ಮೆಂಟ್ ಮುಗೀತಾ’ ಅನ್ನಬೇಡಿ. ಅವನ ಊರಿನಲ್ಲಿ ಮನೆಮಂದಿಯನ್ನೆಲ್ಲ ವಿಚಾರಿಸಿದ ಮೇಲೆಯೇ ಕೆಲಸದ ಮಾತು. ‘ಹಬಾರಿ’ (ಏನು ಸಮಾಚಾರ) ಅಂದರೆ ಸಾಕು, ಮುಖ ಅರಳುತ್ತದೆ.

ಪ್ರಶ್ನೆ: ಇಥಿಯೋಪಿಯಾದ ಗೆಳತಿಯನ್ನು ಯುಗಾದಿಗೆ ಊರಿಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಎರಡು ರಾತ್ರಿ ಇರುತ್ತಾಳೆ. ಏನೇನು ನೋಡಿಕೊಳ್ಳಬೇಕು?
– ವಿದ್ಯಾರ್ಥಿನಿ, ಶಿರಾ

ಉತ್ತರ: ಮೊದಲು ಕಾಗದ. ವಿದೇಶಿ ಪ್ರಜೆ ರಾತ್ರಿ ತಂಗುವ ಮನೆಯವರು, ಅವರು ಬಂದ 24 ಗಂಟೆಯೊಳಗೆ ವಲಸೆ ವಿಭಾಗದ ಜಾಲತಾಣದಲ್ಲಿ ಮಾಹಿತಿ ಸಲ್ಲಿಸಬೇಕು. ‘ಸಿ ಫಾರ್ಮ್’ ಎಂದೇ ಇದು ಪ್ರಸಿದ್ಧ. ಸಲ್ಲಿಸುವ ಮುನ್ನ ಮನೆಯ ಹೆಸರಿನಲ್ಲಿ ಖಾತೆ ತೆರೆಯಬೇಕು, ಹಬ್ಬದ ಹಿಂದಿನ ರಾತ್ರಿಗೆ ಇಟ್ಟುಕೊಂಡರೆ ಫಜೀತಿ. ಖಾತೆ ತೆರೆಯುವುದನ್ನು ವಾರ ಮುಂಚೆಯೇ ಮುಗಿಸಿ. ಅವಳ ಪಾಸ್‌ಪೋರ್ಟ್, ವೀಸಾದ ಪ್ರತಿ, ಹಾಸ್ಟೆಲ್ ಅನುಮತಿ ಕೈಯಲ್ಲಿರಲಿ. ಬೆಳಗ್ಗೆ ಹೋಗಿ ಸಂಜೆ ಬರುವುದಾದರೆ ಈ ಫಾರ್ಮ್ ಬೇಕಿಲ್ಲ.

ಆಮೇಲೆ ಊಟ. ಅವಳ ಧರ್ಮ ಯಾವುದೆಂದು ಊಹಿಸದೆ ‘ಉಪವಾಸ ಇದೆಯಾ’ ಅಂತ ಕೇಳಿ. ಅಲ್ಲಿ ಮುಸ್ಲಿಮರೂ ಕೋಟಿಗಟ್ಟಲೆ ಇದ್ದಾರೆ. ಆರ್ಥೊಡಾಕ್ಸ್ ಕ್ರೈಸ್ತಳಾದರೆ ಈಸ್ಟರ್‌ಗೆ ಮುಂಚಿನ 55 ದಿನ ವ್ರತ, ನಮ್ಮ ಯುಗಾದಿ ಸಾಮಾನ್ಯವಾಗಿ ಅದರೊಳಗೇ ಬೀಳುತ್ತದೆ. ಮಾಂಸ, ಮೊಟ್ಟೆ ಬಿಡುವುದರ ಜೊತೆಗೆ ಹಾಲು, ಮೊಸರು, ತುಪ್ಪವೂ ಇಲ್ಲ. ನಮ್ಮವರು ತಪ್ಪುವುದು ಇಲ್ಲೇ: ‘ಪ್ಯೂರ್ ವೆಜ್’ ಅಂತ ಮಜ್ಜಿಗೆ ಸುರಿಯುತ್ತಾರೆ. ಬೇವು-ಬೆಲ್ಲ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ ನಡೆಯುತ್ತದೆ. ಹೋಳಿಗೆಯನ್ನು ಎಣ್ಣೆ ಹಾಕಿ ಬೇಯಿಸಿ, ತುಪ್ಪದ ಬದಲು ಕಾಯಿಹಾಲು ಬಡಿಸಿ. ಮರುದಿನದ ಹೊಸತೊಡಕು ಅವಳಿಗಿಲ್ಲ. ಕೆಲವರು ಮಧ್ಯಾಹ್ನದವರೆಗೆ ಏನೂ ಮುಟ್ಟುವುದಿಲ್ಲ, ಬೆಳಗ್ಗೆಯೇ ‘ತಿನ್ನಮ್ಮ’ ಅಂತ ಬಲವಂತ ಬೇಡ. ಮುದ್ದೆ ಕೊಡುವುದಾದರೆ ನಿಂಬೆಹಣ್ಣಿನ ಗಾತ್ರದ್ದು ಸಾಕು. ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದನ್ನು ಮೊದಲು ತೋರಿಸಿ.

ಅಜ್ಜಿಗೊಂದು ಮಾತು ಮುಂಚೆ ಹೇಳಿಡಿ. ಇಥಿಯೋಪಿಯಾದಲ್ಲಿ ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಪ್ರೀತಿ ತೋರಿಸಲು ತನ್ನ ಕೈಯಿಂದಲೇ ಇನ್ನೊಬ್ಬರ ಬಾಯಿಗೆ ತುತ್ತಿಡುತ್ತಾರೆ, ‘ಗುರ್ಶ’ ಅಂತ. ಅವಳು ಖುಷಿಯಲ್ಲಿ ಅಜ್ಜಿಗೆ ತುತ್ತು ಚಾಚಿದರೆ ‘ಅಯ್ಯೋ ಎಂಜಲು’ ಅಂತ ಹಿಂದೆ ಸರಿಯಬಾರದಲ್ಲ. ಅತ್ತ ಗೆಳತಿಗೂ ನಮ್ಮ ಎಂಜಲಿನ ಲೆಕ್ಕ ತಿಳಿಸಿ. ಬಣ್ಣದ ಮಾತು, ಜಡೆ ಮುಟ್ಟಿ ನೋಡುವುದು, ಕೇಳದೆ ಸೆಲ್ಫಿ, ಈ ಮೂರಕ್ಕೆ ತಮಾಷೆಗೂ ಎಡೆ ಕೊಡಬೇಡಿ. ‘ಮದುವೆ ಆಗಿದೆಯಾ, ಅಪ್ಪ ಏನು ಮಾಡ್ತಾರೆ’ ಅನ್ನುವುದು ಪರವಾಗಿಲ್ಲ, ಅವಳ ಅಜ್ಜಿಯೂ ಕೇಳುವವರೇ.

ಪ್ರಶ್ನೆ: ಸುಡಾನಿನ ಗೆಳೆಯ ನನ್ನ ಜಾತಿ ಯಾವುದೆಂದು ಕೇಳಿದ. ಪೆಚ್ಚಾದೆ. ಏನು ಹೇಳಲಿ?
– ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಹೇಳಲೇಬೇಕೆಂದಿಲ್ಲ, ‘ಅದನ್ನು ಇಲ್ಲಿ ನೇರವಾಗಿ ಕೇಳುವುದಿಲ್ಲ’ ಅಂದರಾಯಿತು. ‘ಈಗ ಅದೆಲ್ಲ ಎಲ್ಲಿದೆ’ ಎಂದು ಮಾತ್ರ ಸಾಗಹಾಕಬೇಡಿ. ಭಾನುವಾರದ ಪತ್ರಿಕೆಯ ವಧೂವರರ ಕಾಲಂ ಅವನ ಕಣ್ಣಿಗೂ ಬೀಳುತ್ತದೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ, ಆದರೂ ಬಾಡಿಗೆ ಮನೆ ಹುಡುಕುವಾಗ, ಮದುವೆ ಮಾತುಕತೆಯಲ್ಲಿ ಜಾತಿ ಹೇಗೆ ಬರುತ್ತದೆ ಎಂದು ನೀವು ಕಂಡದ್ದನ್ನು ಹೇಳಿ. ದೇಶದ ವಕೀಲರಾಗಬೇಕಿಲ್ಲ.

ಪ್ರಶ್ನೆ: ಇಥಿಯೋಪಿಯಾದ ಸೀನಿಯರ್ ರೂಮಿಗೆ ಕಾಫಿಗೆ ಕರೆದಿದ್ದಾರೆ. ಹತ್ತು ನಿಮಿಷ ಹೋಗಿಬಂದರೆ ಸಾಕಾ?
– ವಿದ್ಯಾರ್ಥಿನಿ, ತಿಪಟೂರು

ಉತ್ತರ: ಸಾಲದು, ಗಂಟೆಯಾದರೂ ಬೇಕು. ಹಸಿ ಬೀಜವನ್ನು ಕಣ್ಣೆದುರೇ ಹುರಿದು, ಹೊಗೆಯಾಡುವ ಬಾಣಲೆಯನ್ನು ನಿಮ್ಮ ಮುಂದೆ ಹಿಡಿಯುತ್ತಾರೆ; ಕೈಯಿಂದ ಹೊಗೆ ಎಳೆದುಕೊಂಡು ‘ಆಹಾ’ ಅನ್ನಬೇಕು. ಕುಟ್ಟಿ, ‘ಜೆಬೆನಾ’ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸುತ್ತಾರೆ. ಹಾಲಿರುವುದಿಲ್ಲ, ಪಕ್ಕದಲ್ಲಿ ಪಾಪ್‌ಕಾರ್ನ್ ಇರಬಹುದು. ಮೂರು ಸುತ್ತು: ಅಬೊಲ್, ತೊನ, ಬರಕ. ಕೊನೆಯದೇ ಆಶೀರ್ವಾದದ ಬಟ್ಟಲು, ಮೊದಲನೆಯದಕ್ಕೇ ಎದ್ದರೆ ಬೇಸರ. ತಿಪಟೂರಿನ ಕೊನೇ ಬಸ್ಸು ಹಿಡಿಯಬೇಕಿದ್ದರೆ ಒಳಗೆ ಕಾಲಿಡುವಾಗಲೇ ಹೇಳಿಬಿಡಿ, ಬೀಜ ಬೇಗ ಹುರಿಯುತ್ತಾರೆ.