ಇಂದಿರಾ ಗಾಂಧಿಯವರ ಕುರಿತ ಎರಡು ಲೇಖನಗಳು: ಕುಮಟಾದ ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಮಾಸ್ತರರೇ,

ನಮ್ಮ ಜೂನ್ ಸಂಚಿಕೆಯಲ್ಲಿ ಇಂದಿರಾ ಗಾಂಧಿಯವರ ಬಗ್ಗೆ ಪ್ರಕಟವಾದ ಎರಡು ಲೇಖನಗಳನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿದೆ. ಅವುಗಳಲ್ಲಿ ಒಂದನ್ನು ಅಂಕೋಲೆಯ ಕಡೆಯ ಗೇಣಿದಾರ ಮನೆತನದವರೊಬ್ಬರೂ ಇನ್ನೊಂದನ್ನು ತುರ್ತುಪರಿಸ್ಥಿತಿಯಲ್ಲಿ ಸೆರೆಮನೆ ಕಂಡ ಶಿರಸಿ ಸೀಮೆಯ ಹಿರಿಯರೊಬ್ಬರೂ ಬರೆದಿದ್ದರು. ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಿದ್ದು ಎರಡು ದೋಣಿಗಳ ಮೇಲೆ ಕಾಲಿಡುವ ಜಾಣತನ ಎಂಬುದು ತಮ್ಮ ಮೊದಲ ಆಕ್ಷೇಪ. ತುರ್ತುಪರಿಸ್ಥಿತಿ ಬಾರದೆ ಹೋಗಿದ್ದರೆ ತಮ್ಮ ತಂದೆಯವರಂಥ ಒಕ್ಕಲುಗಳ ಕೈಗೆ ಭೂಮಿ ಬರುತ್ತಲೇ ಇರಲಿಲ್ಲ, ಜೈಲಿನ ಕತೆ ಹೇಳುವವರೆಲ್ಲ ಭೂಮಿ ಕಳೆದುಕೊಂಡ ಒಡೆಯರ ಮಕ್ಕಳೇ ಎಂದೂ ಬರೆದಿದ್ದೀರಿ. ಕೊನೆಯಲ್ಲಿ, "ಘಟ್ಟದ ಮೇಲೆ ಕುಳಿತು ಪತ್ರಿಕೆ ನಡೆಸುವವರಿಗೆ ಗೇಣಿ ಅಳೆದವರ ಸಂಕಟ ತಿಳಿಯದು, ಆಕೆ ದೊಡ್ಡವರೋ ಕೆಟ್ಟವರೋ ಒಂದೇ ಮಾತಿನಲ್ಲಿ ಹೇಳಿಬಿಡಿ" ಎಂದು ಕೇಳಿದ್ದೀರಿ.

ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗದು. ಹಾಗೆಂದು ಜಾರಿಕೊಳ್ಳುವುದೂ ಇಲ್ಲ. ಭೂಸುಧಾರಣೆಯ ಪುಣ್ಯವನ್ನು ಒಂದು ಕಡೆ ಜಮೆ ಮಾಡಿ, ಅದರಲ್ಲಿ ತುರ್ತುಪರಿಸ್ಥಿತಿಯ ಪಾಪವನ್ನು ಕಳೆದು, ಉಳಿದದ್ದನ್ನು ಆ ನಾಯಕಿಯ ಯೋಗ್ಯತೆ ಎಂದು ಕರೆಯುವ ಲೆಕ್ಕವನ್ನು ತಾವೂ ಮಾಡುತ್ತಿದ್ದೀರಿ, ತಮ್ಮನ್ನು ವಿರೋಧಿಸುವವರೂ ಮಾಡುತ್ತಿದ್ದಾರೆ. ಆ ಲೆಕ್ಕವೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಭೂಮಿ ಕೊಡುವುದಕ್ಕೆ ಜನರನ್ನು ಜೈಲಿಗೆ ಹಾಕಬೇಕಾಗಿರಲಿಲ್ಲ. ಜೈಲಿಗೆ ಹಾಕಿದ್ದರಿಂದ ಯಾರಿಗೂ ಭೂಮಿ ಬರಲಿಲ್ಲ.

ತಾರೀಖುಗಳನ್ನು ನೋಡೋಣ. ಕರ್ನಾಟಕದಲ್ಲಿ ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿಗೆ ಕೊಟ್ಟ ಜಮೀನೆಲ್ಲವೂ ಅಂದಿನಿಂದ ಸರ್ಕಾರಕ್ಕೆ ಸೇರಿತು, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಿಕೊಳ್ಳಬೇಕಾಯಿತು. ತುರ್ತುಪರಿಸ್ಥಿತಿ ಘೋಷಣೆಯಾದದ್ದು 1975ರ ಜೂನ್ 25ರ ರಾತ್ರಿ, ಎಂದರೆ ಸುಮಾರು ಹದಿನಾರು ತಿಂಗಳ ಅನಂತರ. ಅದನ್ನು ಹಿಂತೆಗೆದದ್ದು 1977ರ ಮಾರ್ಚ್ 21ರಂದು. ಅದಾದ ಮೇಲೂ ಅರ್ಜಿ ಕೊಡಲು 1979ರ ಜೂನ್ 30ರವರೆಗೆ ಅವಕಾಶವಿತ್ತು, ಮಂಡಳಿಗಳು ಇನ್ನೂ ಎಷ್ಟೋ ಕಾಲ ತೀರ್ಪು ಕೊಡುತ್ತಲೇ ಇದ್ದವು. ಕಾನೂನನ್ನು ಮಾಡಿದ್ದು ವಿಧಾನಸಭೆಯಲ್ಲಿ, ವಿರೋಧ ಪಕ್ಷಗಳ ಎದುರಿನಲ್ಲಿ, ಪತ್ರಿಕೆಗಳು ಬಾಯಿ ತೆರೆದು ಬೈಯುತ್ತಿದ್ದ ಕಾಲದಲ್ಲಿ. ತುರ್ತುಪರಿಸ್ಥಿತಿಯ ಭಯದಿಂದ ಕಚೇರಿಗಳಲ್ಲಿ ಕಡತಗಳು ಬೇಗ ಓಡಿದವು ಎಂದು ತಾವು ಹೇಳುತ್ತೀರಿ, ಇದ್ದೀತು, ಅಲ್ಲಗಳೆಯುವುದಿಲ್ಲ. ಆದರೆ ಬೇಗ ಓಡಿದ ಕಡತ ಬೇರೆ, ಆ ಕಡತವನ್ನು ಹುಟ್ಟಿಸಿದ ಕಾನೂನು ಬೇರೆ.

ಆ ಕಾನೂನು ಯಾರದು ಎಂಬುದನ್ನೂ ಇಲ್ಲಿ ಕೇಳಬೇಕು. ಭೂಮಿ ರಾಜ್ಯದ ವಿಷಯ. 1972ರಲ್ಲಿ ದೇವರಾಜ ಅರಸರನ್ನು ಮುಖ್ಯಮಂತ್ರಿ ಮಾಡಿದವರು ಇಂದಿರಾ ಗಾಂಧಿ, ಬೆನ್ನಿಗೆ ನಿಂತವರೂ ಅವರೇ. ಆದರೆ ಅದೇ ದಿಲ್ಲಿಯ ಬೆಂಬಲವಿದ್ದ ಎಷ್ಟೋ ರಾಜ್ಯಗಳಲ್ಲಿ ಭೂಸುಧಾರಣೆ ಕಾಗದದ ಮೇಲೆಯೇ ಉಳಿಯಿತು. ಇಲ್ಲಿ ನಡೆಯಿತು ಎಂದರೆ ಅದರ ದೊಡ್ಡ ಪಾಲು ಅರಸರಿಗೆ ಸಲ್ಲಬೇಕು. ಮತದಾರ ಮಾತ್ರ ಹಾಗೆ ಹಂಚಲಿಲ್ಲ. 1979ರಲ್ಲಿ ಅರಸರು ಪಕ್ಷದಿಂದ ಹೊರಬಿದ್ದರು. 1980ರ ಜನವರಿಯ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದವು, ಅರಸರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಈ ಕತೆ ಇನ್ನೂ ಹಳೆಯದು. ಬ್ರಿಟಿಷರ ಕಾಲದಲ್ಲೇ ಗೇಣಿದಾರರನ್ನು ಸಂಘಟಿಸಿ ಜಿಲ್ಲೆಯಿಂದ ಗಡಿಪಾರಾದ ದಿನಕರ ದೇಸಾಯಿಯವರನ್ನು ಇದೇ ಜನ 1967ರಲ್ಲಿ ಕಾಂಗ್ರೆಸ್ಸಿನ ಎದುರು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದ್ದರು. ಚುಟುಕಗಳಿಂದ ಅವರನ್ನು ನೆನೆಯುವವರು ಬಹಳ, ಗೇಣಿ ಹೋರಾಟದಿಂದ ನೆನೆಯುವವರು ಕಡಿಮೆ. ತಮ್ಮ ಪತ್ರದಲ್ಲಿಯೂ ಅವರ ಹೆಸರಿಲ್ಲ.

ನ್ಯಾಯಾಲಯಗಳು ಬಡವರ ದಾರಿಗೆ ಅಡ್ಡ ನಿಂತಿದ್ದವು, ಅವನ್ನು ಬಗ್ಗಿಸದೆ ಗತ್ಯಂತರವಿರಲಿಲ್ಲ ಎಂಬ ತಮ್ಮ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಬ್ಯಾಂಕ್ ರಾಷ್ಟ್ರೀಕರಣದ ಕಾನೂನನ್ನೂ ಹಿಂದಿನ ರಾಜರ ರಾಜಧನ ರದ್ದತಿಯ ಆದೇಶವನ್ನೂ ಸುಪ್ರೀಂ ಕೋರ್ಟು 1970ರಲ್ಲಿ ಹೊಡೆದುಹಾಕಿದ್ದು ನಿಜ. ಆದರೆ 1973ರ ಏಪ್ರಿಲ್ 24ರ ಕೇಶವಾನಂದ ಭಾರತಿ ತೀರ್ಪನ್ನು ನೋಡಿ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಹೂಡಿದ ದಾವೆ ಅದು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದು ಎಂದ ಅದೇ ತೀರ್ಪು, ಆ ಭೂಸುಧಾರಣಾ ಕಾನೂನುಗಳಿಗೆ ರಕ್ಷಣೆ ಕೊಟ್ಟ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಡೆಯರ ಪರವಾಗಿ ಕೋರ್ಟು ಅಡ್ಡಗಟ್ಟಿತು ಎಂಬ ದೂರಿಗೆ ಅಲ್ಲಿಗೆ ಆಧಾರ ಉಳಿಯಲಿಲ್ಲ. ಆದರೂ ಕೂಡಲೇ ಸರ್ಕಾರ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ಒಬ್ಬರು ನಮ್ಮ ಕರಾವಳಿಯವರೇ ಆದ ಕೆ.ಎಸ್. ಹೆಗ್ಡೆ. ಇದರಿಂದ ಯಾವ ಗೇಣಿದಾರನಿಗೂ ಒಂದು ಗುಂಟೆ ಹೆಚ್ಚು ಸಿಗಲಿಲ್ಲ.

ಮುಂದಿನದು ಇನ್ನೂ ಕಷ್ಟದ ಸಂಗತಿ. ಬಂಧನವನ್ನು ಪ್ರಶ್ನಿಸುವ ಅರ್ಜಿಗಳನ್ನು ಕೇಳಬಹುದು ಎಂದು ಕರ್ನಾಟಕವೂ ಸೇರಿದಂತೆ ಹಲವು ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ವರ ಬಹುಮತದಿಂದ ಆ ಬಾಗಿಲನ್ನು ಮುಚ್ಚಿತು. ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ, ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ ಪರಿಹಾರವೇನು ಎಂದು ಕೇಳಿದಾಗ, ತುರ್ತುಪರಿಸ್ಥಿತಿ ಇರುವವರೆಗೆ ಯಾವ ಪರಿಹಾರವೂ ಇಲ್ಲ ಎಂದು ಸರ್ಕಾರದ ಅಟಾರ್ನಿ ಜನರಲ್ ಉತ್ತರಿಸಿದರು. ಖನ್ನಾ ಒಬ್ಬರೇ ಭಿನ್ನಮತ ಬರೆದರು, ಮರುವರ್ಷ ಅವರಿಗೆ ಮುಖ್ಯ ನ್ಯಾಯಮೂರ್ತಿಯ ಸ್ಥಾನ ತಪ್ಪಿತು. ಒಕ್ಕಲು ಮಕ್ಕಳೂ ಪೊಲೀಸರ ಕೈಗೆ ಸಿಗುತ್ತಾರೆ, ಮಾಸ್ತರರೇ. ಒಡೆಯರಿಗಿಂತ ಅವರೇ ಹೆಚ್ಚು ಸಿಗುತ್ತಾರೆ.

ಜೈಲಿಗೆ ಹೋದವರೆಲ್ಲ ಭೂಮಾಲೀಕರ ಮಕ್ಕಳು ಎಂಬ ಮಾತಿನಲ್ಲಿ ಒಂದಂಶ ನಿಜವಿದೆ ಎಂದು ಒಪ್ಪುತ್ತೇನೆ. ಏಳನೇ ನಮೂನೆಯ ಮೇಲಿನ ಸಿಟ್ಟನ್ನು ಸ್ವಾತಂತ್ರ್ಯದ ಮಾತಿನಲ್ಲಿ ಸುತ್ತಿಡುವವರು ನಮ್ಮ ಸೀಮೆಯಲ್ಲಿದ್ದಾರೆ. ಅವರ ಪತ್ರಗಳೂ ನನ್ನ ಮೇಜಿಗೆ ಬರುತ್ತವೆ, ಭಾಷೆ ಬಹಳ ಶುದ್ಧವಾಗಿರುತ್ತದೆ. ಆದರೆ ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗ ಲೆಕ್ಕ ಹಾಕಿದಂತೆ ದೇಶದಲ್ಲಿ ಬಂಧಿತರಾದವರು ಒಂದು ಲಕ್ಷ ಹತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಇದ್ದಂತೆ ಜೆ.ಎಚ್. ಪಟೇಲರೂ ಇದ್ದರು, 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದಿಂದ ಉಳುವವನಿಗೆ ಭೂಮಿ ಎಂದು ಕೂಗುತ್ತ ಬಂದ ಸಮಾಜವಾದಿಗಳ ಸಾಲಿಗೆ ಸೇರಿದವರು. ಅದೇ ಸಮಾಜವಾದಿ ಬಳಗದ ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳುತ್ತ ಬೆಂಗಳೂರಿನ ಸೆರೆಮನೆಯಲ್ಲಿದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಭೂಮಿಯ ಹೋರಾಟದವರನ್ನೇ ಭೂಮಿಯ ಹೆಸರಿನಲ್ಲಿ ಜೈಲಿಗೆ ಹಾಕಿದ್ದನ್ನು ಸಮರ್ಥಿಸುವುದು ಹೇಗೆ ಎಂಬುದಕ್ಕೆ ತಮ್ಮ ಪತ್ರದಲ್ಲಿ ಉತ್ತರವಿಲ್ಲ. (ಹೆಗಡೆಯವರ ಅಭಿಮಾನಿಗಳು ಇಲ್ಲಿ ಹಿಗ್ಗುವ ಮೊದಲು 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪದಿಂದ ಅವರು ಮುಖ್ಯಮಂತ್ರಿ ಪದವಿ ಬಿಡಬೇಕಾಯಿತು ಎಂಬುದನ್ನು ನೆನೆಯಲಿ. ಜೈಲು ಕಂಡವರಿಗೆಲ್ಲ ಅಧಿಕಾರವನ್ನು ಹಿಡಿತದಲ್ಲಿಟ್ಟು ಬಳಸುವುದು ತಿಳಿದಿರುತ್ತದೆ ಎಂದೇನೂ ಇಲ್ಲ.)

1977ರಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ತಿರಸ್ಕರಿಸಿದರೂ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತಲ್ಲ, ಜನರ ತೀರ್ಪಿಗಿಂತ ಸಂಪಾದಕರ ತೀರ್ಪು ದೊಡ್ಡದೇ ಎಂದು ಕೇಳಿದ್ದೀರಿ. ದೊಡ್ಡದಲ್ಲ. ಆದರೆ ಆ ಮತ ಹಾಕಿದವರಿಗೆ ಏನು ತಿಳಿದಿತ್ತು ಎಂಬುದು ಮುಖ್ಯ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 81 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಹಿಂದಿನ ವರ್ಷದ ಸಂಖ್ಯೆ ಸುಮಾರು 26 ಲಕ್ಷ. ಬಲಾತ್ಕಾರದ ಭಾರ ಹೆಚ್ಚು ಬಿದ್ದದ್ದು ಉತ್ತರದ ಹಳ್ಳಿಗಳ ಮೇಲೆ. ದಿಲ್ಲಿಯ ತುರ್ಕಮನ್ ಗೇಟಿನಲ್ಲಿ ಮನೆಗಳನ್ನು ಕೆಡವಿ ಗುಂಡು ಹಾರಿಸಿದ ಸುದ್ದಿಯನ್ನು ಸೆನ್ಸಾರ್ ಅಧಿಕಾರಿ ಬಿಡುವಂತಿರಲಿಲ್ಲ. ಕಾಂಗ್ರೆಸ್ಸಿನ ಆಕಳು-ಕರುವಿನ ಗುರುತಿಗೆ ಮತ ಒತ್ತಿದ ಅಂಕೋಲೆ, ಹೊನ್ನಾವರದ ಮತದಾರ ತಾನು ಕಂಡದ್ದರ ಮೇಲೆ, ಎಂದರೆ ಕೈಗೆ ಬರುತ್ತಿದ್ದ ಗದ್ದೆಯ ಮೇಲೆ, ತೀರ್ಪು ಕೊಟ್ಟ. ಅವನ ತೀರ್ಪು ಪ್ರಾಮಾಣಿಕವಾದದ್ದು. ಅವನಿಗೆ ಕಾಣದಂತೆ ಮಾಡಿದ್ದಕ್ಕೆ ಅದನ್ನು ಸಾಕ್ಷಿಯಾಗಿ ಕರೆಯಲು ಬಾರದು. ಸೆನ್ಸಾರನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದು ಪತ್ರಿಕೆಯವನ ಸ್ವಾರ್ಥ ಎಂದರೆ, ಹೌದು, ಅದೂ ಇದೆ.

ಎರಡು ಲೇಖನಗಳೂ, ತಮ್ಮ ಪತ್ರವೂ ಮುಟ್ಟದ ಒಂದು ವಿಷಯವಿದೆ. ಈ ಜಿಲ್ಲೆಯಲ್ಲಿ ಇಂದಿರಾ ಗಾಂಧಿಯವರ ಹೆಸರು ಇಂದಿಗೂ ತಾಲೂಕು ಕಚೇರಿಯ ಕಡತದಲ್ಲಿ ಬದುಕಿರುವುದು ಭೂಸುಧಾರಣೆಯಿಂದಲ್ಲ, 1980ರ ಅರಣ್ಯ ಸಂರಕ್ಷಣಾ ಕಾಯಿದೆಯಿಂದ. ಕೇಂದ್ರದ ಪೂರ್ವಾನುಮತಿಯಿಲ್ಲದೆ ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಕೊಡಬಾರದು ಎಂದ ಆ ಕಾಯಿದೆ, ಅಣೆಕಟ್ಟು, ಗಣಿ, ಕಾರ್ಖಾನೆಗಳಿಗೆ ಮನಬಂದಂತೆ ಕಾಡು ಹಂಚುತ್ತಿದ್ದ ರಾಜ್ಯಗಳಿಗೆ ಕಡಿವಾಣ ಹಾಕಿತು. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ದನಿ ಎತ್ತಿದ, 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತ ಶಿರಸಿಯವರಿಗೆ ಅದು ಒಪ್ಪಿಗೆಯಾಗುವ ಕಾನೂನು. ಆದರೆ ಬಹುಪಾಲು ನೆಲ ಅರಣ್ಯವೆಂದೇ ದಾಖಲಾದ ಜಿಲ್ಲೆಯಲ್ಲಿ, ಗೇಣಿಯ ಗದ್ದೆ ಸಿಕ್ಕ ಮನೆಯ ಕಿರಿಯ ಮಗ ಬೆಟ್ಟದಂಚಿನಲ್ಲಿ ಎಬ್ಬಿಸಿಕೊಂಡ ತುಂಡು ನೆಲಕ್ಕೆ ಪಟ್ಟೆ ಕೇಳಲು ಹೋದರೆ, 1978ರ ಏಪ್ರಿಲ್ 27ಕ್ಕಿಂತ ಮೊದಲಿನ ಅತಿಕ್ರಮಣವೆಂದು ತೋರಿಸು ಎನ್ನುತ್ತಾರೆ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಹೋದರೆ, ಬುಡಕಟ್ಟಿನವನಲ್ಲದಿದ್ದರೆ ಮೂರು ತಲೆಮಾರಿನ, 75 ವರ್ಷಗಳ ದಾಖಲೆ ತಾ ಎನ್ನುತ್ತಾರೆ. ದೊಡ್ಡ ಯೋಜನೆಗೆ ಹಾಕಿದ ಬೇಲಿಯನ್ನು ಒಂದೆಕರೆಯ ಬಡವನಿಗೂ ಹಾಕಿದ್ದು ಆ ಕಾಯಿದೆಯ ದೋಷ ಎಂದು ನನಗನ್ನಿಸುತ್ತದೆ; ಕಾಡಿನ ಹಂಚಿಕೆಯನ್ನು ರಾಜ್ಯಗಳ ಕೈಯಿಂದ ತೆಗೆದದ್ದು ಸರಿ. ತಾವು ತಮ್ಮ ಊರಿನ ಅತಿಕ್ರಮಣದಾರರ ಬಾಯಲ್ಲಿ ಇಂದಿರಾ ಗಾಂಧಿಯವರ ಹೆಸರು ಹೇಗೆ ಬರುತ್ತದೆ ಎಂದೊಮ್ಮೆ ಕೇಳಿ ನೋಡಬೇಕು.

ಚಾರಿತ್ರ್ಯದ ಪ್ರಶ್ನೆ ಉಳಿಯಿತು. ತಮ್ಮ ಪತ್ರದಲ್ಲಿ ಜೈಲಿಗೆ ಹೋದ ನಮ್ಮ ಲೇಖಕರ ಮನೆತನದ ಬಗ್ಗೆ ಎರಡು ಪರಿಚ್ಛೇದಗಳಿವೆ. ಅದೇ ವಾರ ಬಂದ ಬೇರೆ ಪತ್ರಗಳಲ್ಲಿ ಇಂದಿರಾ ಗಾಂಧಿಯವರ ಖಾಸಗಿ ಬದುಕಿನ ಬಗ್ಗೆ, ವಾಟ್ಸಾಪಿನಲ್ಲಿ ಸುತ್ತುತ್ತಿರುವ, ಯಾವ ಆಧಾರವೂ ಇಲ್ಲದ ಮಾತುಗಳಿವೆ. ಎರಡನ್ನೂ ಅಚ್ಚು ಹಾಕುವುದಿಲ್ಲ. ನಾಯಕರ ಸ್ವಭಾವವನ್ನು ಅವರು ಅಧಿಕಾರವನ್ನು ಬಳಸಿದ ರೀತಿಯಲ್ಲಿ ನೋಡಬೇಕು, ಅಲ್ಲಿ ಬೇಕಾದಷ್ಟಿದೆ. 1971ರ ಯುದ್ಧದಲ್ಲಿ ಅಮೆರಿಕದ ಒತ್ತಡಕ್ಕೆ ಬಗ್ಗದ ಧೈರ್ಯ ಅವರದೇ. ಅಲಹಾಬಾದ್ ಹೈಕೋರ್ಟು 1975ರ ಜೂನ್ 12ರಂದು ತಮ್ಮ ಆಯ್ಕೆಯನ್ನು ಅಸಿಂಧು ಮಾಡಿದಾಗ ಪದವಿಯಿಂದ ಇಳಿಯದೆ ದೇಶವನ್ನೇ ಕಟ್ಟಿಹಾಕಿದ ಅಸಹನೆ ಅವರದೇ; ಸರ್ಕಾರದಲ್ಲಿ ಯಾವ ಹುದ್ದೆಯೂ ಇಲ್ಲದ ಮಗ ಸಂಜಯರ ಕೈಗೆ ಆಡಳಿತವನ್ನು ಬಿಟ್ಟದ್ದೂ ಅವರೇ. ಯಾರೂ ಒತ್ತಾಯಿಸದಿದ್ದಾಗ 1977ರ ಜನವರಿಯಲ್ಲಿ ಚುನಾವಣೆ ಘೋಷಿಸಿ, ರಾಯ್‌ಬರೇಲಿಯಲ್ಲಿ ತಾವೇ ಸೋತು, ಸೋಲನ್ನು ಒಪ್ಪಿ ಹೊರನಡೆದದ್ದೂ ದಾಖಲೆಯಲ್ಲಿದೆ. ಗೆಲ್ಲುತ್ತೇವೆಂಬ ತಪ್ಪು ಅಂದಾಜಿನಿಂದ ಹಾಗೆ ಮಾಡಿದರು ಎನ್ನುವವರಿದ್ದಾರೆ. ಹಾಗೇ ಇದ್ದರೂ, ಎಣಿಕೆಯಾದ ಮೇಲೆ ಅವರು ಮಾಡಿದ್ದು ಸರಿಯಾದದ್ದನ್ನೇ. ಅವರು ಗುಂಡೇಟಿಗೆ ಬಲಿಯಾದರು, ಸತ್ತವರನ್ನು ಟೀಕಿಸಬಾರದು ಎಂಬ ತಮ್ಮ ಮಾತಿಗೆ ನಾನು ತಲೆಬಾಗಲಾರೆ. ಅವರ ಸಾವಿನ ಮರುದಿನಗಳಲ್ಲಿ ದಿಲ್ಲಿಯಲ್ಲಿ ಸತ್ತ ಸಿಖ್ಖರನ್ನು ನೆನೆಯಬೇಕಾದರೂ ಆ ನಿಯಮವನ್ನು ಮುರಿಯಲೇಬೇಕಾಗುತ್ತದೆ.

ತಮ್ಮ ಪತ್ರ ಮುಂದಿನ ಸಂಚಿಕೆಯಲ್ಲಿ, ಆ ಎರಡು ಪರಿಚ್ಛೇದಗಳನ್ನು ಬಿಟ್ಟು, ಪೂರ್ಣವಾಗಿ ಬರುತ್ತದೆ. ತಂದೆಯವರ ಹೆಸರಿಗೆ ಭೂನ್ಯಾಯ ಮಂಡಳಿ ಕೊಟ್ಟ ಆದೇಶದ ಪ್ರತಿ ಮನೆಯಲ್ಲಿದೆ ಎಂದು ಬರೆದಿದ್ದೀರಿ. ಅದರ ತಾರೀಖು ನಮ್ಮ ವಾದಕ್ಕೆ ಬಹಳ ಬೇಕಾದದ್ದು. ಒಂದು ಜೆರಾಕ್ಸ್ ಪ್ರತಿಯನ್ನು ಪತ್ರದ ಜೊತೆಗೇ ಅಚ್ಚಿಗೆ ಕೊಡಲು ಈ ತಿಂಗಳ ಕೊನೆಯೊಳಗೆ ಕಳಿಸಿಕೊಡಬೇಕೆಂದು ವಿನಂತಿ.

— ಸಂಪಾದಕ