ಕಾರ್ ಎಸಿಗೆ ಗ್ಯಾಸ್ ತುಂಬಿಸುವಾಗ ಕಂಪ್ರೆಸರ್ ಆಯಿಲ್ ಕೂಡ ಹಾಕಿಸಬೇಕಾ?

ಬೇಡ. ನಿಮ್ಮ ಗ್ಯಾರೇಜಿನವರು ಹೇಳಿದ ರೀತಿಯಲ್ಲಂತೂ ಬೇಡವೇ ಬೇಡ.

ನಿಮ್ಮದು ಆರು ವರ್ಷದ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಈ ಬೇಸಿಗೆಯಲ್ಲಿ ಕೂಲಿಂಗ್ ಕಡಿಮೆಯಾಗಿದೆ, ಗ್ಯಾಸ್ ತುಂಬಿಸೋಣ ಅಂತ ಹೋದರೆ "ಆಯಿಲ್ ಕೂಡ ನೂರು ಎಂಎಲ್ ಹಾಕಿಬಿಡೋಣ, ಕಂಪ್ರೆಸರ್‌ಗೆ ಒಳ್ಳೇದು, ಶಬ್ದಾನೂ ನಿಲ್ಲುತ್ತೆ" ಅಂದಿದ್ದಾರೆ ಅಂತ ಬರೆದಿದ್ದೀರಿ. ನಾನು ತುಮಕೂರಿನಲ್ಲಿ ಕಾರ್ ಎಸಿ ಕೆಲಸ ಮಾಡುವವನು. ಸಣ್ಣ ಕಾರಿನ ಇಡೀ ಎಸಿಯಲ್ಲಿ ಇರುವ ಆಯಿಲ್ಲೇ ಹೆಚ್ಚುಕಮ್ಮಿ 80ರಿಂದ 150 ಎಂಎಲ್. ಅದರ ಮೇಲೆ ಇನ್ನೂ ನೂರು ಸುರಿದರೆ ಏನಾಗಬಹುದು, ನೀವೇ ಲೆಕ್ಕ ಹಾಕಿ.

ಎಲ್ಲರೂ ಇದನ್ನು ಇಂಜಿನ್ ಆಯಿಲ್ ಥರ ಅಂದುಕೊಳ್ಳುತ್ತಾರೆ. ಇಂಜಿನ್ ಆಯಿಲ್ ಸ್ವಲ್ಪ ಸುಡುತ್ತದೆ, ಕೊಳೆಯಾಗುತ್ತದೆ, ಅದಕ್ಕೇ ಬದಲಾಯಿಸುತ್ತೇವೆ. ಎಸಿ ಆಯಿಲ್ ಇರುವುದು ಮುಚ್ಚಿದ ಲೈನಿನೊಳಗೆ, ಖರ್ಚಾಗುವುದಿಲ್ಲ. ಬಹುಪಾಲು ಕಾರುಗಳಲ್ಲಿ ಅದನ್ನು ನೋಡೋದಕ್ಕೆ ಡಿಪ್‌ಸ್ಟಿಕ್ಕೂ ಇಲ್ಲ. ಗ್ಯಾಸ್ ಜೊತೆಗೇ ಸುತ್ತುತ್ತಾ ಸ್ವಲ್ಪ ಕಂಪ್ರೆಸರ್‌ನಲ್ಲಿ, ಸ್ವಲ್ಪ ಗಾಡಿಯ ಮುಂದೆ ಶಾಖ ಹೊರಬಿಡುವ ಕಂಡೆನ್ಸರ್‌ನಲ್ಲಿ, ಸ್ವಲ್ಪ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ, ಉಳಿದದ್ದು ತೇವ ಹೀರುವ ಡ್ರೈಯರ್ ಮತ್ತು ಪೈಪುಗಳಲ್ಲಿ ಇರುತ್ತದೆ. ಹಾಗಾಗಿ ಹೊರಗಿನಿಂದ ನೋಡಿ "ಆಯಿಲ್ ಕಮ್ಮಿ ಇದೆ" ಅಂತ ಹೇಳಿದವರು ಸುಮ್ನೆ ಊಹೆ ಮಾಡಿದ್ದಾರೆ, ಅಷ್ಟೇ.

ಜಾಸ್ತಿ ಹಾಕಿದರೆ ಏನು ನಷ್ಟ? ಹೆಚ್ಚಿನ ಆಯಿಲ್ ಹೋಗಿ ಕೂಲಿಂಗ್ ಕಾಯಿಲ್ ಮತ್ತು ಕಂಡೆನ್ಸರ್ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ, ಶಾಖ ಸರಿಯಾಗಿ ದಾಟುವುದಿಲ್ಲ, ಹೈ ಸೈಡ್, ಅಂದರೆ ಕಂಪ್ರೆಸರ್‌ನಿಂದ ಗ್ಯಾಸ್ ಒತ್ತಿ ಹೊರಬರುವ ಕಡೆ, ಪ್ರೆಶರ್ ಏರುತ್ತದೆ, ಕೂಲಿಂಗ್ ಇನ್ನೂ ಇಳಿಯುತ್ತದೆ. ಆಗ ಮತ್ತೆ "ಗ್ಯಾಸ್ ಸಾಲದು" ಅಂತ ಗ್ಯಾಸ್ ಹಾಕುತ್ತಾರೆ. ಕಂಪ್ರೆಸರ್ ಓಡುತ್ತಿರುವಾಗ ಗ್ಯಾಸ್ ಒಳಗೆ ಹೋಗುವ ಲೋ ಸೈಡಿನಿಂದ ಆಯಿಲ್ ಎಳೆಸಿದರಂತೂ ಒಮ್ಮೆಗೇ ದ್ರವ ನುಗ್ಗಿ ಒಳಗಿನ ವಾಲ್ವ್ ಮುರಿಯಬಹುದು.

ಹಾಗಂತ ಆಯಿಲ್ ಹಾಕಲೇಬಾರದು ಅಂತಲ್ಲ. ಹೊರಗೆ ಹೋದಷ್ಟನ್ನು ಅಳೆದು ಹಾಕಬೇಕು. ಕಂಡೆನ್ಸರ್ ಬದಲಾಯಿಸಿದರೆ ಸಾಮಾನ್ಯವಾಗಿ 30–40 ಎಂಎಲ್, ಕೂಲಿಂಗ್ ಕಾಯಿಲ್‌ಗೆ 40–50, ಡ್ರೈಯರ್‌ಗೆ 10–20. ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಬೇರೆ ಇದ್ದರೆ ಅದೇ ಸರಿ. ಕಂಪ್ರೆಸರ್ ಬದಲಾದರೆ ಹಳೆಯದನ್ನು ಬೋರಲು ಹಾಕಿ, ಶಾಫ್ಟ್ ಕೈಯಲ್ಲಿ ತಿರುಗಿಸಿ, ಇಳಿದದ್ದನ್ನು ಅಳೆಯಬೇಕು. ಹಳೆಯದರಲ್ಲಿ 60 ಬಂತು, ಹೊಸದರಲ್ಲಿ ಕಂಪನಿಯಿಂದಲೇ 120 ತುಂಬಿ ಬಂದಿದೆ ಅನ್ನಿ. ಹೊಸದರಿಂದ ಹೆಚ್ಚುಕಮ್ಮಿ 60 ತೆಗೆಯಬೇಕು, ಯಾಕೆಂದರೆ ಉಳಿದದ್ದು ಲೈನಿನಲ್ಲೇ ಇದೆ. ಈ ಕೆಲಸವನ್ನು ಮಾಡುವವರು ಕಮ್ಮಿ. ಮೆಷಿನ್‌ನಲ್ಲಿ ಗ್ಯಾಸ್ ಎಳೆದರೆ ಜೊತೆಗೆ ಬಂದ ಆಯಿಲ್ ಬಾಟಲಿಯಲ್ಲಿ ಕಾಣಿಸುತ್ತದೆ, ಅಷ್ಟೇ ವಾಪಸ್ ಹಾಕಿದರೆ ಸಾಕು. ಹೋಸ್ ಒಡೆದು ಎಲ್ಲಾ ಚೆಲ್ಲಿದ್ದರೆ ಮಾತ್ರ ಜಾಸ್ತಿ ಬೇಕಾಗುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಗ್ಯಾಸ್ ಸೋರಿದ್ದರೆ ಆಯಿಲ್ ಹೋಗಿರುವುದು ತೀರಾ ಕಮ್ಮಿ.

ನಿಮ್ಮದು ಬಹುಶಃ ಈ ಕೊನೆಯ ಕೇಸು. ಮೊದಲು ಲೀಕ್ ಹುಡುಕಿಸಿ. ಗ್ಯಾಸ್ ಸೋರುವ ಕಡೆ ಆಯಿಲ್ ಒಸರಿ ಧೂಳು ಅಂಟಿ ಕಪ್ಪು ಕಲೆ ಆಗಿರುತ್ತದೆ: ಪೈಪಿನ ಓ-ರಿಂಗ್ ಜಾಯಿಂಟು, ಹೋಸನ್ನು ಪೈಪಿಗೆ ಅದುಮಿ ಸೇರಿಸಿದ (ಕ್ರಿಂಪ್ ಮಾಡಿದ) ಜಾಗ, ಕಲ್ಲೇಟು ತಿಂದ ಕಂಡೆನ್ಸರ್ ಮುಂಭಾಗ, ಕಂಪ್ರೆಸರ್‌ನ ಶಾಫ್ಟ್ ಸೀಲ್. ಗ್ಯಾಸ್ ತುಂಬುವ ವಾಲ್ವ್ ಪಿನ್ನನ್ನು ಮರೀಬೇಡಿ, ಅಗ್ಗದ ಸಾಮಾನು, ಅದೇ ಸೋರುವುದೂ ಉಂಟು. ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಾಕಿ ನೋಡಲಿ. ಕ್ಯಾನಿನಲ್ಲಿ ಬರುವ ಲೀಕ್ ಮುಚ್ಚುವ ಅಂಟು ಮಾತ್ರ ಹಾಕಿಸಬೇಡಿ.

ಇನ್ನು ಯಾವ ಆಯಿಲ್? ಆರ್-134ಎ ಗ್ಯಾಸ್ ಇರುವ ನಮ್ಮ ಹೆಚ್ಚಿನ ಕಾರುಗಳಿಗೆ ಪಿಎಜಿ ಅನ್ನುವ ಸಿಂಥೆಟಿಕ್ ಆಯಿಲ್. ಅದರಲ್ಲೂ 46, 100, 150 ಅಂತ ಇದೆ, ಅದು ಆಯಿಲ್ ಎಷ್ಟು ದಪ್ಪ ಅನ್ನುವುದರ ಲೆಕ್ಕ. ಕಂಪ್ರೆಸರ್ ಮೇಲೆ ಅಥವಾ ಬಾನೆಟ್ ಕೆಳಗಿನ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. ಹಳೆಯ ಆರ್-12 ಗ್ಯಾಸ್ ಕಾಲದ ಮಿನರಲ್ ಆಯಿಲ್ ಈ ಆರ್-134ಎ ಗ್ಯಾಸಿನಲ್ಲಿ ಕರಗುವುದಿಲ್ಲ. ಹೋದದ್ದು ಕಂಪ್ರೆಸರ್‌ಗೆ ವಾಪಸ್ ಬರುವುದೇ ಇಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಕಂಪ್ರೆಸರ್ ಮೋಟರ್ ಆಯಿಲ್ ಜೊತೆಗೇ ಇರುವುದರಿಂದ ಅವುಗಳಲ್ಲಿ ಹೆಚ್ಚಿನವಕ್ಕೆ ಕರೆಂಟ್ ಹರಿಸದ ಪಿಒಇ ಅನ್ನುವ ಬೇರೆ ಸಿಂಥೆಟಿಕ್ ಆಯಿಲ್. ಅದಕ್ಕೆ ಮಾಮೂಲಿ ಪಿಎಜಿ ಬೆರೆತರೆ ಇನ್ಸುಲೇಶನ್ ಹೋಗುತ್ತದೆ, ರಿಪೇರಿ ಬಿಲ್ ನೋಡಿದರೆ ಎದೆ ಒಡೆಯುತ್ತದೆ.

ಪಿಎಜಿಯ ಇನ್ನೊಂದು ಗುಣ, ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಡಬ್ಬಿಯ ಹಾಗೆ ಗಾಳಿಯ ತೇವ ಹೀರುತ್ತದೆ. ಶೆಲ್ಫ್ ಮೇಲೆ ಅರ್ಧ ಖಾಲಿಯಾಗಿ ಸಡಿಲ ಮುಚ್ಚಳದಲ್ಲಿ ನಿಂತಿರುವ ಡಬ್ಬಿಯಿಂದ ಹಾಕಿಸಬೇಡಿ. ಹೀರಿದ ನೀರನ್ನು ವ್ಯಾಕ್ಯೂಮ್ ಹಾಕಿದರೂ (ಪಂಪ್‌ನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆದರೂ) ಸುಲಭಕ್ಕೆ ಬಿಡುವುದಿಲ್ಲ, ಮುಂದೆ ಆಸಿಡ್ ಆಗಿ ಒಳಗೆಲ್ಲಾ ತಿನ್ನುತ್ತದೆ.

ವ್ಯಾಕ್ಯೂಮ್ ಅಂದಾಗ ನೆನಪಾಯಿತು. ಅರ್ಧ ಗಂಟೆಯಾದರೂ ಹಾಕಿ, ಪಂಪ್ ನಿಲ್ಲಿಸಿ, ಗೇಜಿನ ಮುಳ್ಳು ಸೊನ್ನೆಯ ಕಡೆಗೆ ವಾಪಸ್ ಏರುತ್ತದಾ ಅಂತ ನೋಡಬೇಕು, ಏರಿದರೆ ಲೀಕ್ ಇರಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ವ್ಯಾಕ್ಯೂಮ್ ಗೇಜ್ 27 ಇಂಚಿನ (ಪಾದರಸದ ಲೆಕ್ಕ) ಆಸುಪಾಸಿಗೆ ನಿಂತುಬಿಡುತ್ತದೆ, ತುಮಕೂರಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಸಮುದ್ರದ ಪಕ್ಕದ ಮಂಗಳೂರಿನಲ್ಲಿ 29 ದಾಟುತ್ತದೆ. 27ಕ್ಕೆ ನಿಂತದ್ದನ್ನು ನೋಡಿ ಪಂಪ್ ಕೆಟ್ಟಿದೆ ಅಂತ ಹೊಸದು ಕೊಂಡವರೂ ಇದ್ದಾರೆ.

ಶಬ್ದದ ವಿಷಯ. ಎಸಿ ಆನ್ ಮಾಡದಿದ್ದಾಗಲೂ ಗರಗರ ಅಂತಿದ್ದರೆ ಅದು ಹೆಚ್ಚಾಗಿ ಕಂಪ್ರೆಸರನ್ನು ಇಂಜಿನ್ ಬೆಲ್ಟಿನ ಪುಲ್ಲಿಗೆ ಜೋಡಿಸುವ ಮ್ಯಾಗ್ನೆಟಿಕ್ ಕ್ಲಚ್‌ನ ಬೇರಿಂಗ್. ಅದಕ್ಕೂ ಈ ಆಯಿಲ್‌ಗೂ ಸಂಬಂಧವೇ ಇಲ್ಲ. ಆನ್ ಮಾಡಿದಾಗ ಮಾತ್ರ ಬಂದರೆ ಸ್ವಲ್ಪ ಆಯಿಲ್ ಇಳಿಸಿ ನೋಡಿಸಿ. ತಿಳಿಯಾಗಿದ್ದರೆ ಇನ್ನೂ ಬದುಕಿದೆ. ಕಪ್ಪಗಿದ್ದು ಬೆಳ್ಳಿ ಪುಡಿ ಹೊಳೆಯುತ್ತಿದ್ದರೆ ಕಂಪ್ರೆಸರ್ ಒಳಗೆ ಸವೆದಿದೆ, ಆಗ ಎಷ್ಟು ಹೊಸ ಆಯಿಲ್ ಹಾಕಿದರೂ ದಂಡ. ಕಂಪ್ರೆಸರ್, ಡ್ರೈಯರ್ ಜೊತೆಗೆ ಕಂಡೆನ್ಸರ್ ಕೂಡ ಬದಲಾಯಿಸಬೇಕು, ಈಗಿನ ಕಂಡೆನ್ಸರ್‌ಗಳ ಸಣ್ಣ ತೂತುಗಳಿಂದ ಆ ಪುಡಿ ತೊಳೆದರೂ ಹೋಗುವುದಿಲ್ಲ. ನಿಮ್ಮ ಶಬ್ದ ಯಾವ ಥರದ್ದು, ಎಸಿ ಆಫ್ ಇದ್ದಾಗಲೂ ಬರುತ್ತಾ? ಅದನ್ನೊಂದು ಬರೆಯಿರಿ, ಮುಂದಿನದು ಹೇಳುತ್ತೇನೆ.