ಏಡ್ಸ್ ನಾಟಕದಲ್ಲಿ ದೇವದೂತೆಗೇನು ಕೆಲಸ?

ಪ್ರಶ್ನೆ: 'ಏಂಜೆಲ್ಸ್ ಇನ್ ಅಮೆರಿಕ' ಮೊದಲ ಭಾಗ ಓದಿದೆ. ಇದು ಏಡ್ಸ್ ನಾಟಕವೋ, ರಾಜಕೀಯ ನಾಟಕವೋ? ಕೊನೆಯಲ್ಲಿ ದೇವದೂತೆ ಯಾಕೆ ಬರುತ್ತಾಳೆ?

ಉತ್ತರ: ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಟೋನಿ ಕುಶ್ನರ್ ಕಥೆ ಶುರುವಾಗುವುದು 1985ರ ನ್ಯೂಯಾರ್ಕ್‌ನಲ್ಲಿ. ಸಲಿಂಗಿ ಗಂಡಸರು ಒಬ್ಬರ ಹಿಂದೊಬ್ಬರು ಸಾಯುತ್ತಿದ್ದರೂ ರೇಗನ್ ಸರ್ಕಾರ ಆ ಬಗ್ಗೆ ಬಾಯಿ ಬಿಡುತ್ತಿದ್ದದ್ದೇ ಅಪರೂಪ. ರಾಯ್ ಕೋನ್ ನಿಜವಾಗಿ ಇದ್ದ ವಕೀಲ, 1986ರಲ್ಲಿ ಏಡ್ಸ್‌ನಿಂದಲೇ ಸತ್ತ. ನಾಟಕದಲ್ಲಿ ಅವನು ತನಗಿರುವುದು ಲಿವರ್ ಕ್ಯಾನ್ಸರ್ ಎಂದೇ ಹಟ ಹಿಡಿಯುತ್ತಾನೆ, ಯಾಕೆಂದರೆ ಸಲಿಂಗಿ ಅಂದರೆ ಕೈಲಾಗದವನು ಅಂತ ಅವನ ಲೆಕ್ಕ.

ದೇವದೂತೆ ವಿಷಯಕ್ಕೆ ಬರೋಣ. ನ್ಯೂಯಾರ್ಕ್ ರಾಜ್ಯದಲ್ಲೇ ದೇವದೂತನೊಬ್ಬ ತನಗೆ ಗ್ರಂಥ ತೋರಿಸಿದ ಎಂದು ಅಮೆರಿಕದ ಮಾರ್ಮನ್ ಎಂಬ ಕ್ರೈಸ್ತ ಪಂಥ ಕಟ್ಟಿದ ಜೋಸೆಫ್ ಸ್ಮಿತ್ ಹೇಳಿದ್ದ. ನಾಟಕದಲ್ಲಿ ಗ್ರಂಥ ಸಿಗುವುದು ಏಡ್ಸ್‌ನಿಂದ ಕಾಯಿಲೆ ಬಿದ್ದ, ಪ್ರೇಮಿ ಲೂಯಿ ಬಿಟ್ಟುಹೋದ ಪ್ರಯರ್‌ಗೆ! ಮನುಷ್ಯರು ಅಲೆಯುವುದು, ಬದಲಾಗುವುದು ನಿಲ್ಲಿಸಬೇಕು ಅನ್ನುತ್ತಾಳೆ ಅವಳು. ಪ್ರಯರ್ ಸ್ವರ್ಗಕ್ಕೇ ಹೋಗಿ ಗ್ರಂಥ ವಾಪಸ್ ಕೊಟ್ಟು, ಇನ್ನಷ್ಟು ಬದುಕು ಕೊಡಿ ಅಂತ ಕೇಳುತ್ತಾನೆ.

ಎರಡನೇ ಭಾಗ ಖಂಡಿತ ಓದಿ. ಕೋನ್ ಸತ್ತಾಗ ಲೂಯಿಗೆ ಯಹೂದಿ ಪ್ರಾರ್ಥನೆಯ ಸಾಲು ಮರೆತುಹೋಗಿರುತ್ತದೆ. ಹೇಳಿಕೊಡುವವಳು ಎಥೆಲ್ ರೋಸೆನ್‌ಬರ್ಗ್‌ಳ ಆತ್ಮ, ಸೋವಿಯತ್ ಪರ ಬೇಹುಗಾರಿಕೆ ಆರೋಪದಲ್ಲಿ ಅದೇ ಕೋನ್ ಪಟ್ಟು ಹಿಡಿದು 1953ರಲ್ಲಿ ಮರಣದಂಡನೆಗೆ ಕಳಿಸಿದ ಹೆಂಗಸು. ಅಲ್ಲಿಗೆ ಬಂದಾಗ ನನಗೆ ಪ್ರತಿಸಲ ಗಂಟಲು ಕಟ್ಟುತ್ತದೆ.